ಕ್ಯೂಸೆಕ್ ಲೆಕ್ಕವನ್ನು ಊರಿನ ಗೋಡೆಗೆ ತರುವುದು: ಮಲಪ್ರಭೆ, ಬೆಣ್ಣೆಹಳ್ಳದ ದಂಡೆಯ ಜನ ಕೂಡಿ ಮಾಡಬೇಕಾದ ನೆರೆ ಯೋಜನೆ

ಮಲಪ್ರಭೆಯ ನವಿಲುತೀರ್ಥ ಜಲಾಶಯದ ಗೇಟು ತೆರೆದಾಗ ಕೆಳಗಿನ ಊರುಗಳಿಗೆ ಮುಟ್ಟುವ ಸಂದೇಶದಲ್ಲಿ ಒಂದೇ ಅಂಕಿ ಇರುತ್ತದೆ: ಇಷ್ಟು ಸಾವಿರ ಕ್ಯೂಸೆಕ್. ಡಂಗುರ ಸಾರುತ್ತಾರೆ, ಗುಡಿಯ ಮೈಕಿನಲ್ಲಿ ಹೇಳುತ್ತಾರೆ, ವಾಟ್ಸಾಪಿನಲ್ಲೂ ಬರುತ್ತದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ಆದರೆ ನರಗುಂದ ತಾಲ್ಲೂಕಿನ ಲಖಮಾಪುರದಲ್ಲೋ ರೋಣ ತಾಲ್ಲೂಕಿನ ಹೊಳೆಆಲೂರಿನಲ್ಲೋ ಇರುವ ಮನೆಯವರಿಗೆ ಬೇಕಾದದ್ದು ಈ ಲೆಕ್ಕವಲ್ಲ. ನೀರು ನಮ್ಮ ಓಣಿಗೆ ಬರುತ್ತದೋ ಇಲ್ಲವೋ? ಬಂದರೆ ಎಷ್ಟು ಹೊತ್ತಿಗೆ? ಅಷ್ಟರೊಳಗೆ ಊರ ಹೊರಗಿನ ರಸ್ತೆ ಮುಳುಗುತ್ತದೋ? ಈ ಮೂರಕ್ಕೂ ಉತ್ತರ ಇರುವುದು 2009ರ ಮತ್ತು 2019ರ ನೀರನ್ನು ಕಣ್ಣಾರೆ ನೋಡಿದ ಜನರ ಹತ್ತಿರ. ಅದನ್ನು ಅಳೆದು, ಬರೆದಿಟ್ಟು, ಜಲಾಶಯದ ಅಂಕಿಯ ಪಕ್ಕದಲ್ಲಿ ಕೂರಿಸಿದಾಗ ಮಾತ್ರ ನೆರೆ ಯೋಜನೆ ಕೆಲಸಕ್ಕೆ ಬರುತ್ತದೆ. ಯೋಜನೆಯಲ್ಲಿ ಊರಿನವರು ಇರಬೇಕು ಅನ್ನುವುದು ಸೌಜನ್ಯಕ್ಕೆ ಹೇಳುವ ಮಾತಲ್ಲ. ಅವರಿಲ್ಲದೆ ಲೆಕ್ಕವೇ ಪೂರ್ತಿಯಾಗುವುದಿಲ್ಲ.

ಎರಡು ಬಗೆಯ ನೀರು

ಮೊದಲು ತಿಳಿಯಬೇಕಾದದ್ದು, ಈ ಭಾಗಕ್ಕೆ ಬರುವ ನೆರೆ ಒಂದೇ ಬಗೆಯದಲ್ಲ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಘಟ್ಟದ ಮಳೆಯಲ್ಲಿ. ಆಗಸ್ಟ್ ಮೊದಲ ವಾರಗಳಲ್ಲಿ, ಅಂದರೆ ಆಶ್ಲೇಷ ಮಳೆಯ ಹೊತ್ತಿಗೆ, ಘಟ್ಟದಲ್ಲಿ ಎಡೆಬಿಡದೆ ಸುರಿದರೆ ಜಲಾಶಯ ತುಂಬುತ್ತದೆ, ಗೇಟು ತೆರೆಯುತ್ತಾರೆ, ಗದಗ ಜಿಲ್ಲೆಯಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. 2019ರ ನೆರೆ ಆ ಮಳೆಯಲ್ಲೇ ಬಂತು. ಸೆಪ್ಟೆಂಬರ್ ಕೊನೆಗೆ, ಹಸ್ತ ಮಳೆಯಲ್ಲಿ ಬರುವುದು ಬೇರೆ ತರಹ. ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಮಳೆ ನೇರ ಬಯಲುನಾಡಿನ ಮೇಲೆಯೇ ಬೀಳುತ್ತದೆ. ಹಳ್ಳಗಳು ಮೊದಲು ಏರುತ್ತವೆ, ಹೊಳೆ ಆಮೇಲೆ. 2009ರ ನೆರೆ ಹೀಗೆ ಬಂದದ್ದು.

ಹಳ್ಳಗಳಲ್ಲಿ ದೊಡ್ಡದು ಬೆಣ್ಣೆಹಳ್ಳ. ಶಿಗ್ಗಾವಿ ತಾಲ್ಲೂಕಿನ ದುಂಡಶಿ ಗುಡ್ಡದ ಕಡೆಯಿಂದ ಹೊರಟು, ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಬಯಲು ಹಾದು, ಧಾರವಾಡದ ಕಡೆಯ ತುಪ್ಪರಿಹಳ್ಳವನ್ನು ಕೂಡಿಸಿಕೊಂಡು, ರೋಣ ತಾಲ್ಲೂಕಿನ ಅಂಚಿನಲ್ಲಿ ಮಲಪ್ರಭೆಗೆ ಬೀಳುತ್ತದೆ. ಇದಕ್ಕೆ ಜಲಾಶಯವಿಲ್ಲ, ಗೇಟಿಲ್ಲ, ಆದ್ದರಿಂದ ಗೇಟು ತೆರೆದ ಸಂದೇಶವೂ ಇಲ್ಲ. ಮೇಲಾಗಿ ಸುತ್ತಲಿನದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರಿ ಹೊಲ ಮೊದಲ ದೊಡ್ಡ ಮಳೆಯನ್ನು ಕುಡಿದು ಕೂರುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿತೆಂದರೆ ಆಮೇಲೆ ಬಿದ್ದದ್ದೆಲ್ಲ ಮೇಲೆ ಹರಿದೇ ಹೋಗುತ್ತದೆ. ಅದಕ್ಕೇ ಜೂನ್ ತಿಂಗಳ ಜೋರು ಮಳೆಗೆ ಸುಮ್ಮನಿದ್ದ ಹಳ್ಳ, ಮೂರು ದಿನ ಜಿಟಿಜಿಟಿ ಹಿಡಿದ ಮೇಲೆ ಅದರ ಅರ್ಧ ಮಳೆಗೆ ರಸ್ತೆ ನುಂಗುತ್ತದೆ. ಇವತ್ತಿನ ಮಳೆಯ ಅಂಕಿಯೊಂದನ್ನೇ ನೋಡಿ ಎಚ್ಚರಿಕೆ ಕೊಟ್ಟರೆ ತಪ್ಪುತ್ತದೆ. ಹಿಂದಿನ ಮೂರು ನಾಲ್ಕು ದಿನದ ಮಳೆಯನ್ನೂ ಕೂಡಿಸಬೇಕು.

ಎರಡೂ ಒಟ್ಟಿಗೆ ಬಂದಾಗ ಪೆಟ್ಟು ದೊಡ್ಡದು. ಹೊಳೆ ತುಂಬಿದ್ದರೆ ಹಳ್ಳದ ನೀರು ಒಳಗೆ ಹೋಗಲಾರದೆ ಹಿಂದಕ್ಕೆ ಒತ್ತುತ್ತದೆ; ಸಂಗಮದಿಂದ ದೂರವಿರುವ ಹೊಲಗಳಲ್ಲೂ ನೀರು ನಿಲ್ಲುತ್ತದೆ. ಆದ್ದರಿಂದ ಸಂಗಮದ ಹತ್ತಿರದ ಊರಿಗೆ ಎರಡು ಪಟ್ಟಿ ಬೇಕು, ಒಂದು ಹೊಳೆಯದು, ಇನ್ನೊಂದು ಹಳ್ಳದ್ದು. ಹಾವೇರಿ ಜಿಲ್ಲೆಯ ವರದಾ ದಂಡೆಯಲ್ಲಿ ಲೆಕ್ಕ ಬೇರೆ: ಸಾಗರ, ಸೊರಬದ ಮಳೆ ಹಾನಗಲ್, ಸವಣೂರು ಮುಟ್ಟಲು ಹೊತ್ತು ಹಿಡಿಯುತ್ತದೆ, ನೀರು ನಿಧಾನ ಏರಿ ನಿಧಾನ ಇಳಿಯುತ್ತದೆ. ಅಲ್ಲಿ ಮನೆಗಿಂತ ಪೀಕಿನ ಚಿಂತೆ ಹೆಚ್ಚು.

ಸುಣ್ಣ ಹಚ್ಚುವ ಮೊದಲು

ನೀರು ಇಳಿದ ಮೇಲೆ ಗೋಡೆಯ ಮೇಲೆ ಕೆಸರಿನ ಗೆರೆ ಉಳಿಯುತ್ತದೆ. ಅದು ಊರಿನ ಬಹು ಮುಖ್ಯ ದಾಖಲೆ, ಆಯುಷ್ಯ ಮಾತ್ರ ಕೆಲವೇ ವಾರ. ನೆರೆ ಬರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಹಿಂದೆಯೇ ದಸರಾ, ದೀಪಾವಳಿ. ಹಬ್ಬಕ್ಕೆ ಸಾರಿಸಿ, ಸುಣ್ಣ ಹಚ್ಚಿದರೆ ಗೆರೆ ಹೋಯಿತು. ಆದ್ದರಿಂದ ಪರಿಹಾರದ ಪಂಚನಾಮೆ ನಡೆಯುವಾಗಲೇ ಗೆರೆ ಗುರುತಿಸುವ ಕೆಲಸವೂ ನಡೆಯಬೇಕು. ಗೆರೆ ಹೋದ ಮೇಲೆ ಉಳಿಯುವುದು “ಎದೆಮಟ ಬಂದಿತ್ತು” ಅನ್ನುವ ಮಾತು. ಆ ಮಾತು ಸುಳ್ಳಲ್ಲ, ಆದರೆ ಯಾರ ಎದೆ, ಯಾವ ನೆಲದಲ್ಲಿ ನಿಂತಾಗ ಅನ್ನುವುದು ತಿಳಿಯದೆ ಅದರಿಂದ ಮಟ್ಟ ಹಿಡಿಯಲಾಗದು.

ಓಣಿಗೊಂದು ಕಡೆಯಾದರೂ ಗಟ್ಟಿ ಕಟ್ಟಡ ಆರಿಸಿ: ಗುಡಿಯ ಕಲ್ಲುಕಂಬ, ಅಗಸಿ, ಶಾಲೆಯ ಗೋಡೆ, ನೀರಿನ ಟ್ಯಾಂಕಿನ ಕಾಲು. ಗೆರೆಯ ಮೇಲೆ ಆಯಿಲ್ ಪೇಂಟಿನಲ್ಲಿ ಒಂದು ಗೇಣು ಉದ್ದದ ಪಟ್ಟಿ ಎಳೆದು ತಾರೀಖು, ಗೊತ್ತಿದ್ದರೆ ಹೊತ್ತು ಬರೆಯಿರಿ. ಮಣ್ಣಿನ ಗೋಡೆಯ ಮೇಲೆ ಗುರುತು ಬೇಡ. ಮಣ್ಣು ನೀರನ್ನು ಮೇಲಕ್ಕೆ ಹೀರುತ್ತದೆ, ಹಸಿಯ ಗೆರೆ ನಿಜವಾದ ನೀರಿಗಿಂತ ಒಂದೆರಡು ಗೇಣು ಮೇಲೆ ಕಾಣಿಸೀತು. ಕಲ್ಲಿನ ಮೇಲೆ ಅಂಟಿದ ಕೆಸರು, ಬೇಲಿಗೆ ಸಿಕ್ಕಿದ ಕಸಕಡ್ಡಿ ಹೆಚ್ಚು ನಂಬಿಕೆಯವು.

ಗುರುತುಗಳನ್ನೆಲ್ಲ ಒಂದೇ ಮಟ್ಟಕ್ಕೆ ಹೋಲಿಸಿ ನೋಡಲು ದೊಡ್ಡ ಯಂತ್ರ ಬೇಕಿಲ್ಲ. ಊರಿನ ಗೌಂಡಿಯ ಲೆವೆಲ್ ಪೈಪು ಸಾಕು. 15 ಮೀಟರ್ ಉದ್ದದ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಂದು ತುದಿ ಗುಡಿಯ ಕಟ್ಟೆಯ ಹತ್ತಿರ, ಇನ್ನೊಂದು ತುದಿ ಮುಂದಿನ ಮನೆಯ ಹತ್ತಿರ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಅಥವಾ ಮೇಲೆ ಎಷ್ಟು ಸೆಂಟಿಮೀಟರ್ ಅಂತ ಅಳೆದು ಬರೆಯುತ್ತಾ ಮನೆಯಿಂದ ಮನೆಗೆ ಹೋಗುವುದು. ಗುಡಿಯ ಕಟ್ಟೆಯೇ ಸೊನ್ನೆ. ಉಳಿದ ಪ್ರತಿ ಮನೆಯ ಹೊಸ್ತಿಲು ಅದಕ್ಕಿಂತ ಇಷ್ಟು ತಗ್ಗು, ಇಷ್ಟು ಎತ್ತರ ಅಂತ ಪಟ್ಟಿಯಾಗುತ್ತದೆ. ತಪ್ಪಾಗುವುದು ಸಾಮಾನ್ಯವಾಗಿ ಎರಡು ಕಡೆ. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಮಟ್ಟ ಸುಳ್ಳು ಹೇಳುತ್ತದೆ. ತುಂಬುವಾಗ ಒಂದು ತುದಿಯಿಂದ ನಿಧಾನ ಬಿಟ್ಟು, ಇಡೀ ಪೈಪನ್ನು ಒಮ್ಮೆ ಕಣ್ಣಾಡಿಸಿ ನೋಡಬೇಕು. ಎರಡನೆಯದು, ನೀರು ಚೆಲ್ಲಬಾರದೆಂದು ಹೆಬ್ಬೆರಳಿನಿಂದ ತುದಿ ಮುಚ್ಚಿ ನಡೆದವರು ಅಳೆಯುವಾಗ ಬೆರಳು ತೆಗೆಯಲು ಮರೆಯುತ್ತಾರೆ. ಬೆರಳು ಮುಚ್ಚಿದ್ದರೆ ನೀರು ಅಲುಗುವುದೇ ಇಲ್ಲ. ಓಣಿ ಸುತ್ತಿ ಬಂದು ಮತ್ತೆ ಗುಡಿಯ ಕಟ್ಟೆಯನ್ನೇ ಅಳೆಯಿರಿ. ಸೊನ್ನೆಗೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಸುತ್ತು ಮತ್ತೊಮ್ಮೆ.

ಒಂದು ಎಚ್ಚರ: ಹರಿಯುವ ನೀರು ಸಮತಟ್ಟಾಗಿರುವುದಿಲ್ಲ. ಊರಿನ ಮೇಲ್ತುದಿಯ ಗೆರೆಗೂ ಕೆಳತುದಿಯ ಗೆರೆಗೂ ವ್ಯತ್ಯಾಸ ಬಂದರೆ ಅದು ಅಳತೆಯ ತಪ್ಪೇ ಆಗಿರಬೇಕಿಲ್ಲ. ಎತ್ತರಿಸಿದ ರಸ್ತೆ ಅಡ್ಡ ಇದ್ದಲ್ಲಿ ಮೇಲುಬದಿಯ ನೀರು ಇನ್ನಷ್ಟು ಎತ್ತರ ನಿಲ್ಲುತ್ತದೆ. 2019ರಲ್ಲಿ ಕೊಣ್ಣೂರಿನ ಹತ್ತಿರ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಬಂದಾದಂಥ ಜಾಗಗಳಲ್ಲಿ ರಸ್ತೆಯ ಎರಡೂ ಬದಿಯ ಗೆರೆಗಳನ್ನು ಬೇರೆ ಬೇರೆಯಾಗಿ ಬರೆದಿಡುವುದು ಅದಕ್ಕೇ ಮುಖ್ಯ. ರಸ್ತೆ ದುರಸ್ತಿಗೆ ಬರುವ ಎಂಜಿನಿಯರಿಗೆ “ಇಲ್ಲಿ ನೀರು ಹೋಗಲು ಇನ್ನಷ್ಟು ಕಣ್ಣು ಬೇಕು” ಎಂದು ಬಾಯಿಮಾತಿನಲ್ಲಿ ಹೇಳುವುದಕ್ಕೂ, ಎರಡು ಬದಿಯ ಮಟ್ಟದ ವ್ಯತ್ಯಾಸ ತೋರಿಸಿ ಕೇಳುವುದಕ್ಕೂ ಬಹಳ ಅಂತರವಿದೆ.

ಅಂಕಿಯನ್ನು ಓಣಿಗೆ ಕಟ್ಟುವುದು

ಈಗ ಸೇತುವೆಯ ಕಾಲಿಗೋ ದಂಡೆಯ ಕಲ್ಲುಕಂಬಕ್ಕೋ ಹತ್ತು ಸೆಂಟಿಮೀಟರಿಗೊಂದು ಗೆರೆಯಂತೆ ಅಳತೆಪಟ್ಟಿ ಬರೆಯಬೇಕು, ದಂಡೆಯ ಮೇಲೆ ನಿಂತು ಟಾರ್ಚು ಬಿಟ್ಟರೆ ಓದುವಷ್ಟು ದೊಡ್ಡದಾಗಿ. ಪ್ರತಿ ಸಲ ನೀರು ಬಿಟ್ಟಾಗ ಒಂದು ವಹಿಯಲ್ಲಿ ನಾಲ್ಕು ಸಂಗತಿ ಬರೆಯುವುದು: ಜಲಾಶಯದಿಂದ ಎಷ್ಟು ಕ್ಯೂಸೆಕ್ ಬಿಟ್ಟರು, ಎಷ್ಟು ಹೊತ್ತಿಗೆ, ನಮ್ಮ ಕಂಬದಲ್ಲಿ ನೀರು ಏರತೊಡಗಿದ್ದು ಎಷ್ಟು ಹೊತ್ತಿಗೆ, ಕೊನೆಗೆ ನಿಂತದ್ದು ಯಾವ ಗೆರೆಗೆ. ನೆರೆಯ ನೀರು ಹೆಚ್ಚುಕಡಿಮೆ ಮನುಷ್ಯ ನಡೆಯುವ ವೇಗದಲ್ಲಿ ಬರುತ್ತದೆ, ಸೆಕೆಂಡಿಗೆ ಒಂದರಿಂದ ಒಂದೂವರೆ ಮೀಟರ್ ಹಿಡಿದರೆ 40 ಕಿಲೋಮೀಟರ್ ದಾರಿಗೆ 7ರಿಂದ 11 ತಾಸು. ಇದು ಅಂದಾಜು, ನಿಮ್ಮ ಊರಿನ ನಿಜವಾದ ತಾಸು ವಹಿಯಿಂದಲೇ ಸಿಗಬೇಕು.

ದೊಡ್ಡ ನೆರೆಯನ್ನಷ್ಟೇ ಬರೆದು ಸಣ್ಣವನ್ನು ಬಿಡುವುದು ಎಲ್ಲ ಕಡೆಯೂ ಆಗುವ ತಪ್ಪು. ಸಣ್ಣ ನೀರು ಯಾವ ದಾರಿಯನ್ನು ಮೊದಲು ಮುಳುಗಿಸುತ್ತದೆ ಅನ್ನುವುದರಿಂದಲೇ ಪಟ್ಟಿಯ ಕೆಳತುದಿ ತುಂಬುತ್ತದೆ. ಎರಡು ಮೂರು ಮಳೆಗಾಲದಲ್ಲಿ ಪಟ್ಟಿ ಹೀಗೆ ಮೂಡೀತು (ಅಂಕಿ ಕೇವಲ ಮಾದರಿ): 20,000 ಕ್ಯೂಸೆಕ್‌ಗೆ ಹೊಳೆದಂಡೆಯ ಹೊಲ, 40,000ಕ್ಕೆ ಊರ ರಸ್ತೆಯ ಮೋರಿ, 60,000ಕ್ಕೆ ಕೆಳಗಿನ ಕೇರಿಯ ಮೊದಲ ಸಾಲು, 80,000ಕ್ಕೆ ಶಾಲೆಯ ಅಂಗಳ. ಈ ಪಟ್ಟಿ ಪಂಚಾಯತಿಯ ಗೋಡೆಯ ಮೇಲೆ ಬಂದ ದಿನ, ಮೈಕಿನಲ್ಲಿ ಬರುವ ಅಂಕಿಗೆ ಅಜ್ಜಿಯೂ ಅರ್ಥ ಹೇಳಬಲ್ಲಳು.

ಹಳ್ಳಕ್ಕೆ ಕ್ಯೂಸೆಕ್ ಅಂಕಿ ಸಿಗುವುದಿಲ್ಲವಾದ್ದರಿಂದ ಮೇಲಿನ ಊರಿನವರೇ ಅದರ ಗೇಟು ಕಾಯುವವರು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯತಿ ಮಟ್ಟದವರೆಗೂ ಇವೆ. ಕುಂದಗೋಳ, ಹುಬ್ಬಳ್ಳಿ ಕಡೆಯ ಮಳೆಯನ್ನು ಅಲ್ಲಿಂದ ತಿಳಿಯಬಹುದು. ಅದರ ಜೊತೆಗೆ ಮೇಲಿನ ಎರಡು ಮೂರು ಊರಿನಲ್ಲಿ ಹಳ್ಳದ ಸೇತುವೆಯ ಹತ್ತಿರವೇ ಮನೆಯಿರುವ ಒಬ್ಬೊಬ್ಬರ ಫೋನ್ ಸಂಖ್ಯೆ ಬೇಕು. ಒಬ್ಬರದ್ದೇ ಸಾಲದು, ಇಬ್ಬಿಬ್ಬರದ್ದು. ಮಳೆಯ ರಾತ್ರಿ ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಒಂದು ಕಂಪನಿಯ ಸಿಮ್ ಸತ್ತಿರುತ್ತದೆ. ಇಬ್ಬರ ಸಿಮ್ ಬೇರೆ ಬೇರೆ ಕಂಪನಿಯದಾಗಿರಲಿ.

ರಸ್ತೆ ಮೊದಲು ಮುಳುಗುತ್ತದೆ

ಮನೆಯ ಹೊಸ್ತಿಲಿಗೆ ನೀರು ಬಂದಾಗ ಹೊರಡುವುದು ಅಂತ ಎಣಿಸಿದರೆ ತಡವಾಯಿತು. ಊರು ದಿಬ್ಬದ ಮೇಲಿದ್ದರೂ ಊರಿಗೆ ಬರುವ ರಸ್ತೆ ಎಲ್ಲೋ ಒಂದು ಕಡೆ ತಗ್ಗಿನಲ್ಲಿ ಹಳ್ಳ ದಾಟಿರುತ್ತದೆ. ಆ ತಗ್ಗು ಮುಳುಗಿತೆಂದರೆ ಊರು ನಡುಗಡ್ಡೆ. 2019ರಲ್ಲಿ ಲಖಮಾಪುರ ಹಾಗಾಯಿತು. ಆದ್ದರಿಂದ ಯೋಜನೆಯ ಮುಖ್ಯ ಅಂಕಿ ರಸ್ತೆಯ ತೀರ ತಗ್ಗಾದ ಜಾಗದ್ದು. ಲೆವೆಲ್ ಪೈಪು ಅಲ್ಲಿಯವರೆಗೂ ಹೋಗಬೇಕು.

ಅಲ್ಲಿಂದ ತಾಸುಗಳನ್ನು ಹಿಂದಕ್ಕೆ ಎಣಿಸಿ. ಕೆಳಗಿನ ಓಣಿಯಲ್ಲಿ 60 ಮನೆ, ಮನೆಗೆ ಹತ್ತು ಚೀಲ ಕಾಳು ಅಂತಿಟ್ಟುಕೊಳ್ಳಿ: 600 ಚೀಲ. ಟ್ರೇಲರಿಗೆ 50 ಚೀಲದಂತೆ 12 ಖೇಪು. ನಾಲ್ಕು ಟ್ರ್ಯಾಕ್ಟರ್ ಸಿಕ್ಕರೆ ತಲಾ ಮೂರು. ಹೇರುವುದು, ಹೋಗುವುದು, ಇಳಿಸುವುದು, ಬರುವುದು ಸೇರಿ ಖೇಪಿಗೆ ಒಂದೂವರೆ ತಾಸು ಹಿಡಿದರೆ ನಾಲ್ಕೂವರೆ ತಾಸು, ಅದೂ ಕಾಳಿಗಷ್ಟೇ. ದನಕರು, ವಯಸ್ಸಾದವರು, ಬಾಣಂತಿಯರು ಇನ್ನೂ ಬಾಕಿ. ರಾತ್ರಿಯಾದರೆ ಇದರ ಒಂದೂವರೆ ಪಟ್ಟು. ಎರಿ ಮಣ್ಣಿನ ದಾರಿ ತೊಯ್ದಿದ್ದರೆ ಟ್ರೇಲರು ಹೂತುಕೊಳ್ಳುತ್ತದೆ, ಆ ದಾರಿಯನ್ನು ಲೆಕ್ಕದಿಂದಲೇ ಬಿಡಬೇಕು. ಈ ಲೆಕ್ಕ ಮಾಡಿದ ಊರಿಗೆ ಮೊದಲ ಎಚ್ಚರಿಕೆ ಯಾವ ಗೆರೆಗೆ ಕೊಡಬೇಕೆಂದು ತಾನಾಗಿ ತಿಳಿಯುತ್ತದೆ. ಯಾರ ಟ್ರ್ಯಾಕ್ಟರ್ ಯಾವ ಓಣಿಗೆ, ಡೀಸೆಲ್ ಖರ್ಚು ಯಾರದು ಅನ್ನುವುದನ್ನು ಬೇಸಿಗೆಯಲ್ಲೇ ತೀರ್ಮಾನಿಸಿ ಬರೆದಿಡಬೇಕು. ಹಗೇವು ಇನ್ನೂ ಬಳಕೆಯಲ್ಲಿರುವ ಮನೆಗಳನ್ನು ಬೇರೆ ಗುರುತಿಸಿ: ನೆಲದೊಳಗಿನ ಕಾಳನ್ನು ನೀರು ಬಂದ ಹೊತ್ತಿಗೆ ತೆಗೆಯಲಾಗದು.

ಜನ ಯಾಕೆ ಹೊರಡುವುದಿಲ್ಲ ಅನ್ನುವುದನ್ನೂ ಕೇಳಿಯೇ ತಿಳಿಯಬೇಕು. ಅಧಿಕಾರಿಗಳ ಕಣ್ಣಿಗೆ ಅದು ಹಟವಾಗಿ ಕಾಣುತ್ತದೆ. ಕೇಳಿದರೆ ಕಾರಣ ಬೇರೆ. ನೆರೆ ಸಂತ್ರಸ್ತರಿಗೆ ತೆರೆಯುವ ಕಾಳಜಿ ಕೇಂದ್ರದಲ್ಲಿ ಎತ್ತು, ಎಮ್ಮೆ ಕಟ್ಟಲು ಜಾಗವಿಲ್ಲ, ಮೇವಿಲ್ಲ. ಹೊಟ್ಟು, ಕಣಿಕೆಯ ಬಣವಿ ಹಿಂದೆಯೇ ಉಳಿದಿದೆ. ಬಾಗಿಲಿಗೆ ಬೀಗ ಹಾಕಿ ಬಂದರೆ ಕಳವಿನ ಹೆದರಿಕೆ. ಹೆಣ್ಣುಮಕ್ಕಳಿಗೆ ಕತ್ತಲಲ್ಲಿ ಶೌಚಕ್ಕೆ ಹೋಗುವ ಸಂಕಟ. ಎಲ್ಲಕ್ಕಿಂತ ಬಲವಾದದ್ದು, ಮನೆ ಬಿಟ್ಟು ಹೋದರೆ ಪರಿಹಾರದ ಪಟ್ಟಿಯಲ್ಲಿ ಹೆಸರು ಬಿದ್ದುಹೋಗುತ್ತದೆ ಅನ್ನುವ ಭಯ. 2019ರಲ್ಲಿ ಮನೆಹಾನಿಯನ್ನು ಎ, ಬಿ, ಸಿ ಅಂತ ವಿಂಗಡಿಸಿದಾಗ, ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಸ್ವಲ್ಪ ಹಾನಿಗೆ 50 ಸಾವಿರ ಅಂತ ನಿಗದಿಯಾಯಿತು. ಅಷ್ಟು ಅಂತರ ಇರುವಲ್ಲಿ ಪಂಚನಾಮೆಗೆ ಬಂದವರ ಮುಂದೆ ಇರಬೇಕೆಂದು ಅನಿಸುವುದು ಸಹಜ. ಇದಕ್ಕೆ ಊರೇ ಮಾಡಬಹುದಾದದ್ದಿದೆ: ಪ್ರತಿ ಮಳೆಗಾಲಕ್ಕೆ ಮೊದಲು ಎಲ್ಲ ಮನೆಯ ನಾಲ್ಕೂ ಗೋಡೆಯ ಫೋಟೋ ತೆಗೆದು, ಮನೆ ನಂಬರಿನೊಡನೆ ಪಂಚಾಯತಿಯಲ್ಲಿ ಒಂದು ಪ್ರತಿ, ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ಒಂದು ಪ್ರತಿ ಇಡುವುದು. ಹಾನಿ ಆದ ಮೇಲಿನ ಫೋಟೋಕ್ಕೆ ಇದು ಜೋಡಿ.

ಮರಳಿ ಬರುವುದಕ್ಕೂ ನಿಯಮ ಬೇಕು. ಮಣ್ಣಿನ ಗೋಡೆ, ಮೇಲ್ಮುದ್ದೆಯ ಮಾಳಿಗೆ ಇರುವ ಮನೆ ನೀರಿದ್ದಾಗ ನಿಂತಿದ್ದು, ಇಳಿದ ಮೇಲೆ ಬೀಳುವುದುಂಟು. ತಳ ನೆನೆದು ಮೆತ್ತಗಾಗಿರುತ್ತದೆ, ಮಾಳಿಗೆ ಮಳೆ ಕುಡಿದು ಭಾರವಾಗಿರುತ್ತದೆ, ಒತ್ತಾಸೆಯಾಗಿದ್ದ ನೀರೂ ಈಗಿಲ್ಲ. ಗೌಂಡಿ ಬಂದು ತೊಲೆ, ಕಂಬ, ಗೋಡೆಯ ಬುಡ ನೋಡಿ ಒಪ್ಪುವವರೆಗೆ ಒಳಗೆ ಮಲಗಬಾರದು.

ಸಭೆ ಎಲ್ಲಿ, ಯಾರ ಜೊತೆ

ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ವಾರ್ಡ್ ಸಭೆ, ಗ್ರಾಮ ಸಭೆ ಎರಡಕ್ಕೂ ದಾರಿ ಮಾಡಿದೆ. ನೆರೆಯ ಮಾತಿಗೆ ವಾರ್ಡ್ ಸಭೆಯೇ ಮೊದಲು. ಗ್ರಾಮ ಸಭೆ ಊರ ನಡುವಿನ ಕಟ್ಟೆಯ ಮೇಲೆ ಕೂಡುತ್ತದೆ. ಆ ಕಟ್ಟೆಗೆ ನೀರು ಬಂದಿರುವುದೇ ಅಪರೂಪ. ತಗ್ಗಿನ ಕೇರಿಯವರು ಅಲ್ಲಿಗೆ ಬಂದರೂ ಹಿಂದೆ ನಿಲ್ಲುತ್ತಾರೆ. ಸಭೆಯನ್ನು ಅವರ ಕೇರಿಯಲ್ಲೇ ಕರೆದರೆ ನಕ್ಷೆ ಬದಲಾಗುತ್ತದೆ. ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಓಣಿ ಬರೆದು, ನೀರು ಎಲ್ಲಿಂದ ನುಗ್ಗಿತು, ಎಲ್ಲಿ ಸುಳಿ ತಿರುಗಿತು, ಮೊದಲ ಮನೆ ಯಾವುದು ಅಂತ ಕೇಳಿದರೆ ಮಕ್ಕಳೂ ಬೆರಳಿಟ್ಟು ತೋರಿಸುತ್ತಾರೆ. ಹೆಣ್ಣುಮಕ್ಕಳ ಗುಂಪಿನ ನಕ್ಷೆ ಬೇರೆಯಾಗಿಯೇ ಆಗಲಿ. ಗಂಡಸರು ಹೊಲ, ಪಂಪ್‌ಸೆಟ್ಟು ಗುರುತಿಸುತ್ತಾರೆ; ಹೆಣ್ಣುಮಕ್ಕಳು ಕುಡಿಯುವ ನೀರಿನ ನಳ, ಹಾಸಿಗೆ ಹಿಡಿದವರಿರುವ ಮನೆ, ಹೆರಿಗೆಗೆ ದಿನ ಎಣಿಸುತ್ತಿರುವವರ ಮನೆ ಗುರುತಿಸುತ್ತಾರೆ. ರಾತ್ರಿ ದೋಣಿ ಬಂದಾಗ ಮೊದಲು ಹೋಗಬೇಕಾದದ್ದು ಆ ಮನೆಗಳಿಗೆ.

ಕುರಿಗಾರರು, ಮೀನು ಹಿಡಿಯುವವರು, ಹೊಲವನ್ನು ಲಾವಣಿ (ಗೇಣಿ) ಹಿಡಿದವರು ತಪ್ಪಿಹೋಗಬಾರದು. ಲಾವಣಿದಾರರ ಹೆಸರು ಪಹಣಿಯಲ್ಲಿ ಇರುವುದಿಲ್ಲ, ಬೆಳೆ ಪರಿಹಾರ ಜಮೀನಿನ ಮಾಲೀಕರ ಖಾತೆಗೆ ಹೋಗುತ್ತದೆ. ಮಳೆಗಾಲಕ್ಕೆ ಮೊದಲೇ ಮಾಲೀಕರಿಗೂ ಅವರಿಗೂ ಪಾಲಿನ ಬಗ್ಗೆ ಒಂದು ಕಾಗದ ಆಗಿದ್ದರೆ ಆಮೇಲಿನ ಜಗಳ ತಪ್ಪುತ್ತದೆ. ಸಭೆಯ ದಿನವನ್ನೂ ನೋಡಿ ಇಡಬೇಕು: ಹೆಸರುಕಾಳು ಬಿಡಿಸುವ ದಿನ, ಹಿಂಗಾರಿ ಜೋಳ, ಕಡಲೆ ಬಿತ್ತುವ ದಿನ ಕೂಲಿ ಬಿಟ್ಟು ಯಾರೂ ಬರುವುದಿಲ್ಲ.

ಹೊಳೆ ಕಿರಿದಾದ ಮಾತು

ಸಭೆಯಲ್ಲಿ ಯಾರೂ ಎತ್ತಲು ಬಯಸದ ಮಾತು ಒತ್ತುವರಿಯದು. ಜಲಾಶಯ ಕಟ್ಟಿದ ಮೇಲೆ ಕೆಳಗಿನ ಮಲಪ್ರಭೆ ವರ್ಷದ ಬಹುಕಾಲ ಸೊರಗಿರುತ್ತದೆ. ಒಣಗಿದ ದಂಡೆಗೆ ಹೊಲ ಇಳಿಯಿತು, ಪಾತ್ರದಲ್ಲಿ ಬಳ್ಳಾರಿ ಜಾಲಿ ಬೆಳೆಯಿತು, ಹೂಳು ನಿಂತಿತು. ಪಾತ್ರ ಕಿರಿದಾದಷ್ಟೂ ಅದೇ ಕ್ಯೂಸೆಕ್‌ಗೆ ನೀರು ಹಿಂದಿಗಿಂತ ಎತ್ತರ ಏರುತ್ತದೆ. ಆದ್ದರಿಂದ ಗೋಡೆಯ ಪಟ್ಟಿ ಒಮ್ಮೆ ಬರೆದರೆ ಮುಗಿಯಲಿಲ್ಲ. ಹತ್ತು ವರ್ಷ ಹಿಂದಿನ ಅಂಕಿ ನಂಬಿ ಕೂತರೆ ಮೋಸ ಹೋಗುತ್ತೀರಿ.

ಇಲ್ಲಿ ಜನರ ಪಾಲುದಾರಿಕೆಗೂ ಮಿತಿಯಿದೆ ಅನ್ನುವುದನ್ನು ಒಪ್ಪಬೇಕು. ದಂಡೆಯ ಹೊಲ ಹಲವು ಸಲ ಊರಿನಲ್ಲಿ ಮಾತು ನಡೆಯುವವರದ್ದೇ ಆಗಿರುತ್ತದೆ, ಮುಳುಗುವ ಕೇರಿ ಅವರದ್ದಲ್ಲ. ಕೈಯೆತ್ತಿ ತೀರ್ಮಾನಿಸುವ ವಿಷಯ ಇದಲ್ಲ. ಹಳೆಯ ಸರ್ವೆ ಟಿಪ್ಪಣಿ, ಗ್ರಾಮನಕ್ಷೆ ತರಿಸಿ, ಭೂಮಾಪನ ಇಲಾಖೆಯಿಂದ ಹೊಳೆಯ ಹದ್ದುಬಸ್ತು (ಗಡಿ ಗುರುತು) ಮಾಡಿಸಬೇಕು. ಊರಿನ ಪಾಲು ಅದನ್ನು ಠರಾವಿನ ಮೂಲಕ ಕೇಳುವುದು, ಅಳೆಯುವ ದಿನ ಎಲ್ಲ ಓಣಿಯವರೂ ಹಾಜರಿರುವುದು. ಜಾಲಿ ತೆಗೆಯುವುದನ್ನು ಮಾತ್ರ ಊರು ಉದ್ಯೋಗ ಖಾತ್ರಿ ಕೆಲಸದಲ್ಲಿ ಹಾಕಿಸಿಕೊಳ್ಳಬಹುದು. ಬೇರುಸಹಿತ ಕಿತ್ತರೆ ಉಂಟು, ಕಡಿದು ಬಿಟ್ಟರೆ ಒಂದು ಬುಡಕ್ಕೆ ಹತ್ತು ಕೊಂಬೆ ಚಿಗುರುತ್ತವೆ. ಕಡಿದದ್ದನ್ನು ಪಾತ್ರದಲ್ಲೇ ಒಟ್ಟಿದರೆ ಮೊದಲ ನೀರಿಗೇ ಹೋಗಿ ಸೇತುವೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ, ಇದ್ದದ್ದಕ್ಕಿಂತ ಕೆಡುಕು.

ಊರನ್ನೇ ಎತ್ತಿ ಇಡುವುದು

2009ರ ನಂತರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಊರುಗಳು ಎದ್ದವು. ಹಲವು ಕಡೆ ಜನ ಹೋಗಲಿಲ್ಲ, ಹೋದವರು ತಿರುಗಿ ಬಂದರು, ಖಾಲಿ ಮನೆಗಳ ಸುತ್ತ ಜಾಲಿ ಬೆಳೆಯಿತು. ಮನೆ ಕೊಟ್ಟರೂ ಹೋಗಲಿಲ್ಲವೆಂದು ಜನರನ್ನು ದೂರುವುದು ಸರಿಯಲ್ಲ. ಮೊದಲೇ ಕೇಳಿದ್ದರೆ ತಿಳಿಯುತ್ತಿದ್ದ ಸಂಗತಿಗಳಿವು: ಹೊಲ ಹೊಳೆಯ ಹತ್ತಿರವಿದೆ, ಎತ್ತು ಹೊಡೆದುಕೊಂಡು ದಿನಾ ಎಷ್ಟು ದೂರ ನಡೆದಾರು, ಗೋದಲಿ ಇಲ್ಲ, ಬಣವಿ ಒಟ್ಟಲು ಹಿತ್ತಲಿಲ್ಲ, ಒಂದೇ ಛಾವಣಿಯಡಿ ಇದ್ದ ಮೂವರು ಅಣ್ಣತಮ್ಮಂದಿರಿಗೆ ಒಂದೇ ಮನೆ, ನೀರು, ಶಾಲೆ, ಬಸ್ಸು ಬರುವ ಮೊದಲೇ ಬೀಗದ ಕೈ. ಎರಿ ನೆಲದಲ್ಲಿ ಪಾಯ ಆಳ ಹೋಗದಿದ್ದರೆ ಮಣ್ಣು ಉಬ್ಬಿ ಇಳಿದಂತೆ ಗೋಡೆ ಬಿರಿಯುತ್ತದೆ. ಯಾವ ಹೊಲದಲ್ಲಿ ಎಷ್ಟು ಅಡಿ ಅಗೆದರೆ ಗರಸು ಸಿಗುತ್ತದೆ ಅನ್ನುವುದು ಬಾವಿ ತೋಡಿದವರಿಗೆ ಗೊತ್ತಿರುತ್ತದೆ. ಇನ್ನು ಮುಂದೆ ಸ್ಥಳಾಂತರದ ಮಾತು ಬಂದರೆ ಜಾಗ ಗೊತ್ತುಮಾಡುವ ಮೊದಲು ಕುಟುಂಬಗಳ ಪಟ್ಟಿ, ದನದ ಪಟ್ಟಿ, ಹೊಲದ ದೂರ, ಮಣ್ಣಿನ ಪರೀಕ್ಷೆ ನಾಲ್ಕೂ ಗ್ರಾಮ ಸಭೆಯ ಮುಂದೆ ಓದಿ ಒಪ್ಪಿಗೆಯಾಗಲಿ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಇರಲಿ. ಪೂರ್ತಿ ಊರು ಏಳಬೇಕಿಲ್ಲದ ಕಡೆ, ಅಳತೆಪಟ್ಟಿಯಲ್ಲಿ ಕೆಳಗಿರುವ ಓಣಿಯೊಂದನ್ನೇ ಊರಿನ ಎತ್ತರದ ಬದಿಗೆ ಸೇರಿಸುವುದು ಎಷ್ಟೋ ಮೇಲು.

ಕಾಗದ ಮೇಲಕ್ಕೆ ಹೋಗುವ ದಾರಿ

ಇಷ್ಟೂ ಕೆಲಸ ಊರಿನ ವಹಿಯಲ್ಲೇ ಉಳಿದರೆ ಅನುದಾನ ಬರುವುದಿಲ್ಲ. ವಾರ್ಡ್ ಸಭೆಯ ನಿರ್ಣಯಗಳು ಗ್ರಾಮ ಸಭೆಯಲ್ಲಿ ಠರಾವಾಗಿ, ಪಂಚಾಯತಿಯ ವಾರ್ಷಿಕ ಯೋಜನೆಯಲ್ಲಿ ಕಾಮಗಾರಿಯಾಗಿ ಸೇರಬೇಕು. ಅದರ ಪ್ರತಿ ತಹಶೀಲ್ದಾರರ ಮೂಲಕ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಹೋಗಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಯೋಜನೆಯನ್ನು ಪ್ರತಿ ವರ್ಷ ಪರಿಶೀಲಿಸಿ ತಿದ್ದಬೇಕು. ಜಿಲ್ಲಾಧಿಕಾರಿ ಆ ಪ್ರಾಧಿಕಾರದ ಅಧ್ಯಕ್ಷರು. ತಿದ್ದುಪಡಿ ಮುಂಗಾರಿಗೆ ಮೊದಲು ನಡೆಯುವುದರಿಂದ ಊರಿನ ಪಟ್ಟಿ ಮಾರ್ಚ್ ಒಳಗೆ ಮುಟ್ಟಿದರೆ ಒಳ್ಳೆಯದು. ಠರಾವಿನಲ್ಲಿ “ನೆರೆ ತಡೆಗೆ ಕ್ರಮ ಕೈಗೊಳ್ಳಬೇಕು” ಅಂತ ಬರೆದರೆ ಅದು ಕಡತದಲ್ಲಿ ಮಲಗುತ್ತದೆ. “ಊರ ರಸ್ತೆಯ ಮೋರಿ ಗುಡಿಯ ಕಟ್ಟೆಗಿಂತ ಎರಡೂವರೆ ಮೀಟರ್ ತಗ್ಗಿದೆ, ಕಳೆದ ಮೂರು ಮಳೆಗಾಲದಲ್ಲಿ ಇಂಥ ತಾರೀಖುಗಳಲ್ಲಿ ಮುಳುಗಿದೆ, ಒಂದೂವರೆ ಮೀಟರ್ ಎತ್ತರಿಸಿ ಕಣ್ಣು ಹೆಚ್ಚಿಸಬೇಕು” ಅಂತ ಬರೆದರೆ ಎಂಜಿನಿಯರು ಅಂದಾಜುಪಟ್ಟಿ ಮಾಡಬಲ್ಲರು. ರಾಜ್ಯ ವಿಪತ್ತು ಉಪಶಮನ ನಿಧಿ ಎಂಬುದು ಪರಿಹಾರದ ನಿಧಿಗಿಂತ ಬೇರೆ. ಇಂಥ ಮುಂಜಾಗ್ರತಾ ಕೆಲಸಕ್ಕೆಂದೇ ಇರುವುದು. ಅದರಲ್ಲಿ ಕೇಳಲು ಬೇಕಾದದ್ದು ಇಂಥ ಅಳತೆಗಳೇ.

ಮೇ ತಿಂಗಳ ಕೊನೆಗೆ, ಮಿರಗಾ ಮಳೆ ಕೂಡುವ ಮೊದಲು, ಒಂದು ತಾಲೀಮು ಇಟ್ಟುಕೊಳ್ಳಿ. ಮೈಕಿನಲ್ಲಿ ಅಂಕಿ ಹೇಳುವುದು, ಪಟ್ಟಿ ನೋಡಿ ಕೆಳಗಿನ ಓಣಿಯವರು ದನ ಬಿಚ್ಚುವುದು, ಟ್ರ್ಯಾಕ್ಟರು ಹೊರಡುವುದು, ಕಾಳಜಿ ಕೇಂದ್ರದ ಬೀಗದ ಕೈ ಯಾರ ಹತ್ತಿರ ಇದೆ ಅಂತ ಹುಡುಕುವುದು. ಒಂದು ಸಲ ಹಗಲಿನಲ್ಲಿ, ಇನ್ನೊಂದು ಸಲ ಕರೆಂಟು ತೆಗೆಸಿ ರಾತ್ರಿಯಲ್ಲಿ. ಮೈಕಿಗೆ ಬ್ಯಾಟರಿ ಇಲ್ಲದಿರುವುದು, ಮೇಲಿನ ಊರಿನವರ ಫೋನ್ ಸಂಖ್ಯೆ ಬದಲಾಗಿರುವುದು, ಶಾಲೆಯ ಗೇಟು ಟ್ರೇಲರಿಗಿಂತ ಕಿರಿದಾಗಿರುವುದು ಆ ದಿನವೇ ಗೊತ್ತಾಗುತ್ತದೆ. ಸರಿಪಡಿಸಲು ಆಶ್ಲೇಷ ಮಳೆಯವರೆಗೆ ಎರಡು ತಿಂಗಳು ಇರುತ್ತದೆ.